ನೋಟ ಪರರಿಚ್ಛೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಮಾತು. ಉಣ್ಣುವುದು ನಾಲಗೆ ಒಪ್ಪಿದಂತೆ. ಉಡುವುದು ನಾಲ್ವರ ಕಣ್ಣು ಒಪ್ಪಿದಂತೆ. ಮದುವೆಮನೆಗೂ ಜಾತ್ರೆಗೂ ಸಲ್ಲುವ ಈ ಮಾತು ಆಟದ ಬಯಲಿಗೂ ಸಂದೀತೆ ಎಂದು ಕೇಳಿದರೆ ಅನೇಕರು ನಕ್ಕಾರು. ಬಯಲಿನಲ್ಲಿ ಗೆಲ್ಲುವುದು ತೋಳು, ಕಾಲು, ಕಣ್ಣು. ಅಂಗಿಯ ಅಂಚು ಹೇಗಿದ್ದರೇನು? ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎಳೆಯ ಹುಡುಗಿಯರ ಸಾಫ್ಟ್‌ಬಾಲ್ ತಂಡಗಳನ್ನು ಕಟ್ಟುವ ತಂದೆತಾಯಿಗಳೂ ತರಬೇತುದಾರರೂ ಈ ಪ್ರಶ್ನೆಯನ್ನು ನಗೆಯ ಮಾತೆಂದು ತಳ್ಳಿಹಾಕುವುದಿಲ್ಲ. ಅಂದವಾದ ಸಮವಸ್ತ್ರ ತೊಟ್ಟ ತಂಡ ಅಂದವಾಗಿಯೇ ಆಡುತ್ತದೆಂದು ಕೆಲವರ ನಂಬಿಕೆ. ಆ ಹಣವನ್ನು ಚೆಂಡಿಗೂ ದಾಂಡಿಗೂ ಅಭ್ಯಾಸಕ್ಕೂ ಹಾಕುವುದು ಲೇಸೆಂದು ಕೆಲವರ ವಾದ. ಈ ವಾದದ ಸತ್ಯಾಂಶವೆಷ್ಟೆಂದು ವಿಚಾರಿಸುವುದು ಮಕ್ಕಳ ಆಟದಲ್ಲಿ ಆಸ್ಥೆಯುಳ್ಳ ಅಧ್ಯಾಪಕರಿಗೆಲ್ಲ ಉಪಯುಕ್ತವಾದೀತು.

ಸಾಫ್ಟ್‌ಬಾಲ್ ಎಂಬುದು ಬೇಸ್‌ಬಾಲ್ ಆಟದ ತಂಗಿ. ೧೮೮೭ರಲ್ಲಿ ಷಿಕಾಗೋ ನಗರದಲ್ಲಿ ಸೂರಿನಡಿಯ ಆಟವಾಗಿ ಹುಟ್ಟಿ ಅನಂತರ ಬಯಲಿಗೆ ಬಂದಿತು. ಹೆಸರು ಮೆದುವಾದರೂ ಚೆಂಡು ಮೆದುವಲ್ಲ. ಪಕ್ಷಕ್ಕೆ ಒಂಬತ್ತು ಮಂದಿ. ಏಳು ಸರದಿಗಳ ಆಟ. ಚೆಂಡೆಸೆಯುವವಳು ತೋಳನ್ನು ಚಕ್ರದಂತೆ ತಿರುಗಿಸಿ, ಕೈಯನ್ನು ಸೊಂಟದ ಬಳಿ ತಂದು, ಕೆಳಗಿನಿಂದ ಎಸೆಯುತ್ತಾಳೆ. ಹನ್ನೆರಡರೊಳಗಿನ ಹುಡುಗಿಯರ ಆಟದಲ್ಲಿ ಎಸೆತದ ಅಂತರ ೪೦ ಅಡಿ. ಗಂಟೆಗೆ ೫೦ ಮೈಲಿ ವೇಗದ ಚೆಂಡು ಈ ದೂರವನ್ನು ಕ್ರಮಿಸಲು ಅರ್ಧ ಸೆಕೆಂಡಿಗಿಂತ ತುಸುವೇ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹುಡುಗಿ ಚೆಂಡನ್ನು ಕಾಣಬೇಕು, ಬೀಸಬೇಕೆ ಬಿಡಬೇಕೆ ಎಂದು ನಿಶ್ಚಯಿಸಬೇಕು, ದಾಂಡನ್ನೂ ಬೀಸಬೇಕು. ಆ ಅರ್ಧ ಕ್ಷಣದಲ್ಲಿ ಯಾವ ಬಟ್ಟೆಯೂ ಆಕೆಯ ನೆರವಿಗೆ ಬಾರದೆಂಬುದು ಸ್ಪಷ್ಟ. ಬಟ್ಟೆಯ ಪ್ರಭಾವವೇನಾದರೂ ಇದ್ದರೆ ಅದನ್ನು ತೋಳಿನಲ್ಲಲ್ಲ, ಮನಸ್ಸಿನಲ್ಲಿ ಹುಡುಕಬೇಕು: ಆಡುವವರ ಮನಸ್ಸಿನಲ್ಲಿ, ನೋಡುವವರ ಮನಸ್ಸಿನಲ್ಲಿ.

ಮಕ್ಕಳ ಮನಸ್ಸಿನಲ್ಲಿ ಸಮವಸ್ತ್ರಕ್ಕೆ ಎಂತಹ ಸ್ಥಾನವಿದೆಯೆಂಬುದನ್ನು ಕಾರ್ಲ್ ಸ್ಟಾಟ್ಜ್ ಚೆನ್ನಾಗಿ ಬಲ್ಲವನಾಗಿದ್ದ. ಪೆನ್ಸಿಲ್ವೇನಿಯಾ ಪ್ರಾಂತದ ವಿಲಿಯಮ್ಸ್‌ಪೋರ್ಟ್ ಪಟ್ಟಣದ ಈತ ೧೯೩೮ರಲ್ಲಿ ತನ್ನ ಸೋದರಳಿಯಂದಿರೊಡನೆ ಆಡುತ್ತ, ಹುಡುಗರಿಗಾಗಿಯೇ ಒಂದು ನಿಜವಾದ ಬೇಸ್‌ಬಾಲ್ ಕೂಟವನ್ನು ಕಟ್ಟುವ ಯೋಚನೆ ಮಾಡಿದ. ಹುಡುಗರ ಮುಂದೆ ಅವನು ಇಟ್ಟ ಆಸೆಗಳಲ್ಲಿ ಹೊಸ ಚೆಂಡು, ಕೈಗೊಪ್ಪುವ ದಾಂಡುಗಳ ಜೊತೆಗೆ ಸಮವಸ್ತ್ರವೂ ಸೇರಿತ್ತು. ವ್ಯಾಪಾರಿಗಳ ಬಾಗಿಲನ್ನು ತಟ್ಟಿ ತಟ್ಟಿ ಹಣ ಕೂಡಿಸಿದ. ೧೯೩೯ರ ಜೂನ್ ೬ರಂದು ಮೊದಲ ಪಂದ್ಯ ನಡೆಯಿತು. ಒಂದು ಮರದ ವ್ಯಾಪಾರದ ಸಂಸ್ಥೆಯ ಹೆಸರು ಹೊತ್ತ ತಂಡ ಹಾಲಿನ ಡೈರಿಯ ತಂಡವನ್ನು ೨೩–೮ರಿಂದ ಸೋಲಿಸಿತು. ಇಂದು ಜಗತ್ತಿನ ಅನೇಕ ದೇಶಗಳಿಗೆ ಹಬ್ಬಿರುವ ‘ಲಿಟಲ್ ಲೀಗ್’ ಹುಟ್ಟಿದ್ದು ಹೀಗೆ. ಸೋತ ತಂಡದ ಮೈಮೇಲೂ ಸಮವಸ್ತ್ರವಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಉಡುಪು ಹುಡುಗರನ್ನು ಬಯಲಿಗೆ ಕರೆತಂದಿತು. ಗೆಲುವನ್ನು ಮಾತ್ರ ಇಬ್ಬರಿಗೂ ಹಂಚಿಕೊಡಲಿಲ್ಲ.

ಉಡುಪು ತೊಟ್ಟವರ ಬಗೆಯನ್ನು ಮಾರ್ಪಡಿಸಬಲ್ಲುದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸದೆ ಬಿಟ್ಟಿಲ್ಲ. ೨೦೧೨ರಲ್ಲಿ ಆಡಮ್ ಮತ್ತು ಗಲಿನ್‌ಸ್ಕಿ ಎಂಬ ಇಬ್ಬರು ವಿದ್ವಾಂಸರು ಒಂದೇ ಬಿಳಿಯ ನಿಲುವಂಗಿಯನ್ನು ಕೆಲವರಿಗೆ ವೈದ್ಯರದೆಂದೂ ಕೆಲವರಿಗೆ ಚಿತ್ರಕಾರರದೆಂದೂ ಹೇಳಿ ತೊಡಿಸಿದರು. ವೈದ್ಯರದೆಂದು ನಂಬಿ ತೊಟ್ಟವರು ಗಮನವಿಟ್ಟು ಮಾಡಬೇಕಾದ ಕೆಲಸದಲ್ಲಿ ಮೇಲುಗೈ ತೋರಿದರೆಂದು ಪ್ರಕಟಿಸಿದರು. ಇದು ಬಹಳ ಪ್ರಸಿದ್ಧಿ ಪಡೆಯಿತು. ಆದರೆ ೨೦೧೯ರಲ್ಲಿ ಬೇರೆ ಸಂಶೋಧಕರು ಅದೇ ತಂಡದ ಮೊದಲ ಪ್ರಯೋಗವೊಂದನ್ನು ಹೆಚ್ಚು ಜನರ ಮೇಲೆ ಮತ್ತೆ ನಡೆಸಿದಾಗ ಆ ಫಲ ಕಾಣಲಿಲ್ಲ. ಆದುದರಿಂದ, ಉಡುಪು ತೊಟ್ಟೊಡನೆ ಸಾಮರ್ಥ್ಯ ಏರುವುದೆಂಬ ಮಾತನ್ನು ಸಿದ್ಧವಾದ ಸತ್ಯವೆಂದು ಹೇಳಲಾಗದು.

ನೋಡುವವರ ಮನಸ್ಸಿನ ಮಾತು ಬೇರೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ಫ್ರಾಂಕ್ ಮತ್ತು ಗಿಲೋವಿಚ್ ೧೯೮೮ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ವೃತ್ತಿಪರ ಅಮೆರಿಕನ್ ಫುಟ್‌ಬಾಲಿನಲ್ಲಿಯೂ ಮಂಜುಗಡ್ಡೆಯ ಮೇಲಣ ಹಾಕಿಯಲ್ಲಿಯೂ ಕಪ್ಪು ಉಡುಪಿನ ತಂಡಗಳು ಹೆಚ್ಚು ದಂಡನೆಗೆ ಗುರಿಯಾಗಿರುವುದನ್ನು ಅವರು ಕಂಡರು. ಕಪ್ಪು ತೊಟ್ಟವರು ನಿಜವಾಗಿಯೂ ಹೆಚ್ಚು ಒರಟಾಗಿ ಆಡಿದರೋ, ಹಾಗೆ ಆಡಿದರೆಂದು ತೀರ್ಪುಗಾರರಿಗೆ ತೋರಿತೋ? ಇದನ್ನರಿಯಲು ಒಂದೇ ಬಗೆಯ ಆಟವನ್ನು ಒಮ್ಮೆ ಕಪ್ಪು, ಒಮ್ಮೆ ಬಿಳಿ ಉಡುಪಿನಲ್ಲಿ ಆಡಿಸಿ ಚಿತ್ರಿಸಿ ತೋರಿಸಿದರು. ನೋಡಿದವರಲ್ಲಿ ಅನುಭವಿ ತೀರ್ಪುಗಾರರೂ ಇದ್ದರು. ಕಪ್ಪುಡುಪಿನ ಆಟವೇ ಅವರಿಗೆ ಹೆಚ್ಚು ದಂಡನಾರ್ಹವೆನಿಸಿತು. ಹಾಕಿಯನ್ನೇ ಕುರಿತು ೨೦೧೧ರಲ್ಲಿ ಬಂದ ಅಧ್ಯಯನ ಇಂತಹ ಪರಿಣಾಮವಿಲ್ಲವೆಂದಿತು, ೨೦೧೨ರದು ಉಂಟೆಂದಿತು. ವಾದ ಇನ್ನೂ ಮುಗಿದಿಲ್ಲ.

ಕೆಂಪು ಬಣ್ಣದ ಕಥೆಯೂ ಇಂತಹುದೇ. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮುಷ್ಟಿಯುದ್ಧ, ಟೈಕ್ವಾಂಡೊ, ಎರಡು ಬಗೆಯ ಕುಸ್ತಿ, ಇವುಗಳಲ್ಲಿ ಸ್ಪರ್ಧಿಗಳಿಗೆ ಕೆಂಪನ್ನೋ ನೀಲಿಯನ್ನೋ ಯಾದೃಚ್ಛಿಕವಾಗಿ ಹಂಚಲಾಗಿತ್ತು. ಕೆಂಪು ತೊಟ್ಟವರು ನೂರಕ್ಕೆ ೫೫ರಷ್ಟು ಪಂದ್ಯಗಳನ್ನು ಗೆದ್ದರೆಂದು ಹಿಲ್ ಮತ್ತು ಬಾರ್ಟನ್ ೨೦೦೫ರಲ್ಲಿ ಬರೆದರು. ಕೆಂಪು ವೀರರಸವನ್ನು ಉಕ್ಕಿಸುವುದೆಂದು ಹಲವರು ಭಾವಿಸಿದರು. ಜರ್ಮನಿಯ ಸಂಶೋಧಕರು ೨೦೦೮ರಲ್ಲಿ ಬೇರೊಂದು ದಾರಿ ಹಿಡಿದರು. ಟೈಕ್ವಾಂಡೊ ಪಂದ್ಯದ ಚಿತ್ರಗಳಲ್ಲಿ ಕೆಂಪನ್ನು ನೀಲಿಯಾಗಿ, ನೀಲಿಯನ್ನು ಕೆಂಪಾಗಿ ಬದಲಿಸಿ ೪೨ ಮಂದಿ ತೀರ್ಪುಗಾರರಿಗೆ ತೋರಿಸಿದರು. ಆಟ ಅದೇ, ಆಡಿದವನು ಅವನೇ. ಆದರೂ ಕೆಂಪು ತೊಟ್ಟಂತೆ ಕಂಡಾಗ ಅವನಿಗೆ ಸುಮಾರು ನೂರಕ್ಕೆ ೧೩ರಷ್ಟು ಹೆಚ್ಚು ಅಂಕಗಳು ದೊರೆತುವು. ಬಣ್ಣ ಕೆಲಸ ಮಾಡಿದುದು ತೊಟ್ಟವನ ರಕ್ತದಲ್ಲಲ್ಲ, ನೋಡಿದವರ ಕಣ್ಣಿನಲ್ಲಿ. ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಸಾಫ್ಟ್‌ಬಾಲಿನಲ್ಲಿ ಪ್ರತಿಯೊಂದು ಎಸೆತವೂ ಅಂಪೈರನ ಕಣ್ಣಿಗೆ ಒಳಪಟ್ಟಿದೆ. ದಾಂಡು ಹಿಡಿದವಳು ಬೀಸದೆ ಬಿಟ್ಟ ಚೆಂಡು ಅವಳ ಎದೆಗೂ ಮೊಣಕಾಲಿಗೂ ನಡುವಣ ಕಲ್ಪಿತ ಚೌಕಟ್ಟಿನೊಳಗೆ ಹಾಯಿತೋ ಹೊರಗೆ ಹಾಯಿತೋ ಎಂದು ಹೇಳುವವನು ಅವನು. ಅಚ್ಚುಕಟ್ಟಾದ ತಂಡವನ್ನು ಕಂಡು ಅಂಪೈರನ ಮನಸ್ಸು ತನಗರಿಯದೆಯೇ ಅತ್ತ ಒಲಿಯುವ ಸಂಭವವನ್ನು ಅಲ್ಲಗಳೆಯಲಾಗದು. ಆದರೆ ಇದು ಅನುಮಾನಪ್ರಮಾಣ ಮಾತ್ರ. ಬಣ್ಣದ ಪ್ರಯೋಗಗಳಿಂದ ಮಡಿಕೆ, ಇಸ್ತ್ರಿಗಳ ಬಗೆಗೆ ನೇರವಾಗಿ ತೀರ್ಮಾನಿಸುವುದು ಸಲ್ಲದು. ಅಲ್ಲದೆ, ಅದು ನಿಜವೇ ಆಗಿದ್ದರೆ ತಿದ್ದಬೇಕಾದುದು ಅಂಪೈರನ ಶಿಕ್ಷಣವನ್ನೇ ಹೊರತು ಬಡವರ ಮಗಳ ಅಂಗಿಯನ್ನಲ್ಲ.

ಸಂಗಡಿಗರ ಕಣ್ಣಿಗೂ ಉಡುಪಿಗೂ ಇರುವ ಸಂಬಂಧ ಇನ್ನೊಂದು. ೧೯೯೬ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಬೂದು ಬಣ್ಣದ ಅಂಗಿ ತೊಟ್ಟು ಸೌತಾಂಪ್ಟನ್ನಿನ ಎದುರು ಆಡಿ, ಮಧ್ಯಾಂತರದ ವೇಳೆಗೆ ಮೂರು ಗೋಲುಗಳ ಹಿನ್ನಡೆ ಅನುಭವಿಸಿತು. ಗುರು ಅಲೆಕ್ಸ್ ಫರ್ಗ್ಯುಸನ್ ಅಂಗಿಗಳನ್ನೇ ಬದಲಾಯಿಸಿದ. ಆಟಗಾರರಿಗೆ ಒಬ್ಬರನ್ನೊಬ್ಬರು ಗುರುತಿಸುವುದು ಕಷ್ಟವಾಗಿತ್ತೆಂಬುದು ಅವನ ಸಮಾಧಾನ. ಕುಣಿಯಲಾರದವಳು ನೆಲ ಡೊಂಕೆಂದಳೆಂದು ಜನ ನಕ್ಕರು; ತಂಡ ೩–೧ರಿಂದ ಸೋತೇಬಿಟ್ಟಿತು. ಆದರೂ ಓಡುತ್ತಲೇ ಗೆಳತಿಯನ್ನು ಗುರುತಿಸಿ ಚೆಂಡೆಸೆಯಬೇಕಾದ ಹುಡುಗಿಗೆ ಎದ್ದು ಕಾಣುವ ಬಣ್ಣ ಪ್ರಯೋಜನಕರವೆಂಬುದನ್ನು ಒಪ್ಪಬೇಕು. ಇದು ಅಂದದ ಮಾತಲ್ಲ, ಉಪಯೋಗದ ಮಾತು.

ನೋಡುವವರ ಇಚ್ಛೆಗೇ ಉಡುಪನ್ನು ಪೂರ್ತಿಯಾಗಿ ಒಪ್ಪಿಸಿಬಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದ ಹೆಂಗಸರ ಆಟದ ಇತಿಹಾಸವೇ ಸಾಕ್ಷಿ. ೧೯೪೩ರಲ್ಲಿ, ಯುದ್ಧಕಾಲದಲ್ಲಿ, ಚ್ಯೂಯಿಂಗ್ ಗಮ್ ಉದ್ಯಮಿ ಫಿಲಿಪ್ ರಿಗ್ಲಿ ಮಹಿಳೆಯರ ವೃತ್ತಿಪರ ಕೂಟವೊಂದನ್ನು ಆರಂಭಿಸಿದ. ಆಟಗಾರ್ತಿಯರಲ್ಲಿ ಬಹುಮಂದಿ ಸಾಫ್ಟ್‌ಬಾಲಿನಿಂದ ಬಂದವರು. ಅವರಿಗೆ ಗಂಡಸರಂತೆ ಷರಾಯಿಯನ್ನು ಕೊಡದೆ, ಪ್ರೇಕ್ಷಕರ ಕಣ್ಣಿಗೆ ಹೆಣ್ತನ ತೋರಲೆಂದು ಮೊಣಕಾಲ ಮೇಲಣ ಗಿಡ್ಡ ಲಂಗದ ಉಡುಪನ್ನು ತೊಡಿಸಿದರು. ನೋಟಕ್ಕೆ ಅದು ಸೊಗಸಾಗಿಯೇ ಇತ್ತು. ಆದರೆ ಓಡಿಬಂದು ನೆಲದ ಮೇಲೆ ಜಾರಿ ಗುರಿ ಮುಟ್ಟಬೇಕಾದ ಆಟವಿದು. ಬರಿಯ ತೊಡೆಗಳ ಚರ್ಮ ಮಣ್ಣಿಗೆ ಉಜ್ಜಿ ಕಿತ್ತುಬರುತ್ತಿತ್ತು. ೧೯೫೪ರಲ್ಲಿ ಕೂಟ ಮುಚ್ಚುವವರೆಗೂ ಆ ಹೆಂಗಸರು ಗಾಯದ ಮೇಲೆ ಗಾಯ ಮಾಡಿಕೊಂಡೇ ಆಡಿದರು. ಇತ್ತೀಚೆಗೆ, ೨೦೨೩ರಲ್ಲಿ, ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡ ತನ್ನ ಬಿಳಿಯ ಚಡ್ಡಿಯನ್ನು ಬಿಟ್ಟು ನೀಲಿಯದನ್ನು ತೊಟ್ಟಿತು. ಮುಟ್ಟಿನ ದಿನಗಳಲ್ಲಿ ಬಿಳಿಯ ಬಟ್ಟೆ ತರುವ ಅಳುಕನ್ನು ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ್ದೇ ಇದಕ್ಕೆ ಕಾರಣ. ಅಂಗಿ ಗೆಲ್ಲಿಸುವುದೋ ಇಲ್ಲವೋ, ಆಟದಿಂದ ಮನಸ್ಸನ್ನು ಕದಿಯುವ ಉಡುಪು ಆಟವನ್ನು ಕೆಡಿಸುವುದರಲ್ಲಿ ಸಂದೇಹವಿಲ್ಲ.

ಕೊನೆಯದಾಗಿ, ಸಮವಸ್ತ್ರವೆಂದರೆ ‘ನೀನೂ ನಮ್ಮವಳು’ ಎಂಬ ಒಂದು ಮಾತು. ನ್ಯೂಜೆರ್ಸಿಯ ಹೊಬೊಕೆನ್ ಊರಿನ ಮರಿಯಾ ಪೆಪೆ ಎಂಬ ಹನ್ನೆರಡರ ಬಾಲಕಿ ೧೯೭೨ರಲ್ಲಿ ಹುಡುಗರೊಡನೆ ಲಿಟಲ್ ಲೀಗಿನ ಮೂರು ಪಂದ್ಯಗಳನ್ನು ಆಡಿದಳು. ಹೆಣ್ಣೆಂಬ ಕಾರಣದಿಂದ ಅವಳನ್ನು ತಂಡದಿಂದ ಬಿಡಿಸಿದರು. ವ್ಯಾಜ್ಯ ನಡೆಯಿತು, ತೀರ್ಪು ಹೆಣ್ಣುಮಕ್ಕಳ ಪರವಾಯಿತು. ೧೯೭೪ರಲ್ಲಿ ಲಿಟಲ್ ಲೀಗ್ ಅವರಿಗೆ ಬಾಗಿಲು ತೆರೆದುದಲ್ಲದೆ ಬಾಲಿಕೆಯರ ಸಾಫ್ಟ್‌ಬಾಲ್ ವಿಭಾಗವನ್ನೂ ಆರಂಭಿಸಿತು. ಆ ವೇಳೆಗೆ ಮರಿಯಾಳ ವಯಸ್ಸು ಮೀರಿಹೋಗಿತ್ತು. ತಂಡದ ಅಂಗಿಯನ್ನು ತೊಡುವ ಹಕ್ಕಿಗಾಗಿ ಒಂದು ಮಗು ಇಷ್ಟು ಬೆಲೆ ತೆತ್ತ ಮೇಲೆ, ಅಂಗಿ ಬರಿಯ ಬಟ್ಟೆಯೆಂದು ಹೇಗೆ ಹೇಳೋಣ?

ಹೀಗಿರುವಲ್ಲಿ ದುಬಾರಿಯ ಸಮವಸ್ತ್ರ ಒಂದು ಮಗುವನ್ನಾದರೂ ಮನೆಯಲ್ಲೇ ಉಳಿಸಿದರೆ, ಅದು ತನ್ನ ಅರ್ಥಕ್ಕೆ ತಾನೇ ವಿರೋಧವಾಗುತ್ತದೆ. ತಂಡ ಕಟ್ಟುವವರು ಅಂಗಡಿಗೆ ಹೋಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದನ್ನು ತೊಟ್ಟು ಹುಡುಗಿ ಓಡಿ, ಜಾರಿ, ಬಾಗಿ, ಅಂಜದೆ ಆಡಬಲ್ಲಳೆ? ದೂರದಿಂದ ಗೆಳತಿಯರು ಅವಳನ್ನು ಗುರುತಿಸಬಲ್ಲರೆ? ತಂಡದ ಅತ್ಯಂತ ಬಡ ಮನೆಯೂ ಇದರ ಬೆಲೆಯನ್ನು ಸಂಕೋಚವಿಲ್ಲದೆ ಕೊಡಬಲ್ಲುದೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಅಂಚಿಗೆ ಒಂದು ಬಣ್ಣದ ಪಟ್ಟಿ ಇರಲಿ, ಬೆನ್ನಿಗೆ ಅಂದವಾದ ಅಂಕಿಯಿರಲಿ. ಮಕ್ಕಳಿಗೆ ಅದು ಸಂತೋಷ. ಉಳಿದ ಹಣದಲ್ಲಿ ಇನ್ನೊಂದು ಡಜನ್ ಚೆಂಡು ಕೊಳ್ಳಲಿ.