ಹಿಮದ ಜಾಡು: ಯಾರಿಗೆ ಯಾವುದು?

ಕನ್ನಡ ಪಂಡಿತನಿಗೂ ಹಿಮದ ಮೇಲಣ ಜಾರಾಟಕ್ಕೂ ಎಲ್ಲಿಯ ನಂಟು ಎಂದು ವಾಚಕರು ಹುಬ್ಬೇರಿಸಬಹುದು. ಈ ನಂಟು ಬೆಳೆದುದು ಒಂದು ಜೊತೆ ಊರುಗೋಲಿನಿಂದ. ಕೆಲವು ವರ್ಷಗಳ ಹಿಂದೆ, ಯುಗಾದಿಯ ಹೊತ್ತಿಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಕಂಕುಳಿಗೂ ಊರುಗೋಲು ಕೊಟ್ಟುಕೊಂಡು ನಮ್ಮ ಮನೆಯ ಮೆಟ್ಟಲು ಹತ್ತಿದ. "ಏನಪ್ಪಾ ಇದು?" ಎಂದೆ. "ಗುಲ್ಮಾರ್ಗಿಗೆ ಹೋಗಿದ್ದೆ ಸಾರ್. ಎರಡು ದಿನ ಕೆಳಗಿನ ಬಯಲಿನಲ್ಲಿ ಚೆನ್ನಾಗಿಯೇ ಜಾರಿದೆ. ಮೂರನೆಯ ದಿನ ಗೆಳೆಯರೆಲ್ಲ ಮೇಲಕ್ಕೆ ಹೊರಟರು. ನಾನೊಬ್ಬನೇ ಉಳಿದರೆ ಏನೆಂದುಕೊಂಡಾರೋ ಎಂದು ನಾನೂ ಹೊರಟೆ" ಎಂದ. ಮೊಣಕಾಲಿನ ಲಿಗಮೆಂಟು ಹರಿದಿತ್ತು. ಹುಡುಗ ಬಿದ್ದುದು ಹಿಮದ ದೋಷದಿಂದಲ್ಲ, ಸ್ಕೀಗಳ ದೋಷದಿಂದಲೂ ಅಲ್ಲ. ತನಗೆ ತಕ್ಕುದಲ್ಲದ ಇಳಿಜಾರನ್ನು ಹಿಡಿದುದರಿಂದ.

ಬೆಳಗಿನ ಕಾವಳಕ್ಕೂ ಹಿಮಾಲಯದ ಹಿಮಕ್ಕೂ 'ಮಂಜು' ಎಂಬ ಒಂದೇ ಮಾತು ಸಾಕೆನ್ನುವ ನಾಡು ನಮ್ಮದು. ಆದರೂ ಈಗ ಚಳಿಗಾಲ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ತರುಣ ತರುಣಿಯರು ಕಾಶ್ಮೀರದ ಗುಲ್ಮಾರ್ಗಕ್ಕೂ ಗಢವಾಲದ ಔಲಿಗೂ ಹೊರಡುತ್ತಾರೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗಂತೂ ಇದು ಶಾಲೆಯ ರಜೆಯ ಆಟ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಬಯಲಿನಲ್ಲಿ ಬಹುದೂರ ಸಾಗುವ ಕ್ರಾಸ್‌ಕಂಟ್ರಿ ಸ್ಕೀ ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದಿದ್ದಾರೆ. ಆದುದರಿಂದ ವಿಷಯ ದೂರದ್ದೆಂದು ತಳ್ಳಿಬಿಡುವಂತಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಬೆಟ್ಟದಿಂದ ಇಳಿಯುವ ಸ್ಕೀಯಿಂಗಿನ ವಿಚಾರ; ಅದರಲ್ಲಿಯೂ ಹೊಸಬರು ಮತ್ತು ಅರೆಬಲ್ಲವರು ತಮ್ಮ ಜಾಡನ್ನು ಆರಿಸಿಕೊಳ್ಳುವ ಬಗೆ.

ನಮ್ಮ ಹಿರಿಯರು ಶಾಸ್ತ್ರಪಾಠಕ್ಕೆ ಕುಳಿತವರಲ್ಲಿ ಅಧಿಕಾರಿಭೇದವನ್ನು ಎಣಿಸುತ್ತಿದ್ದರು. ಮಂದಾಧಿಕಾರಿ, ಮಧ್ಯಮಾಧಿಕಾರಿ, ಉತ್ತಮಾಧಿಕಾರಿ ಎಂದು ಮೂವರು. ಮಂದನೆಂದರೆ ದಡ್ಡನೆಂದಲ್ಲ, ಇನ್ನೂ ಮೊದಲ ಮೆಟ್ಟಲಿನಲ್ಲಿರುವವನು ಎಂದಷ್ಟೆ. ಅಕ್ಷರ ಕಲಿತ ಮರುದಿನವೇ ಪಂಪನ ಕಾವ್ಯವನ್ನು ಕೈಗೆ ಕೊಟ್ಟರೆ ಹುಡುಗನಿಗೆ ಕಾವ್ಯವೂ ಹತ್ತದು, ಅಕ್ಷರದ ಮೇಲಿನ ಪ್ರೀತಿಯೂ ಉಳಿಯದು. ಹಿಮದ ಶಾಸ್ತ್ರದಲ್ಲಿಯೂ ಇದೇ ನ್ಯಾಯ. ಪಾಠ ತಪ್ಪಿದರೆ ಇಲ್ಲಿ ಪೆಟ್ಟು ಬೀಳುವುದು ಎಲುಬಿಗೆ ಎಂಬುದೊಂದೇ ವ್ಯತ್ಯಾಸ.

ಸ್ಕೀ ತಾಣವೆಂದರೆ ಬೆಟ್ಟದ ಮೈಮೇಲೆ ಜಾಡುಗಳನ್ನು ಗುರುತಿಸಿಟ್ಟಿರುವ ಸ್ಥಳ. ಮೇಲೆ ಹೋಗಲು ತಂತಿಯ ಮೇಲೆ ತೇಲುವ ಗೊಂಡೊಲಾ ಪೆಟ್ಟಿಗೆಗಳೋ ಚೇರ್ ಲಿಫ್ಟುಗಳೋ ಇರುತ್ತವೆ. ಕೆಳಗೆ ಬರಲು ಜಾಡುಗಳು. ದೊಡ್ಡ ತಾಣಗಳಲ್ಲಿ ಪ್ರತಿಯೊಂದು ಜಾಡಿಗೂ ಬಣ್ಣದ ಗುರುತುಂಟು. ಅಮೆರಿಕದಲ್ಲಿ ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರಾಕೃತಿಯೆಂದರೆ ಕಠಿನ. ಅಲ್ಲಿಯ ಸ್ಕೀ ತಾಣಗಳ ರಾಷ್ಟ್ರೀಯ ಸಂಘವು 1968ರಲ್ಲಿ ಈ ಗುರುತುಗಳನ್ನು ಒಪ್ಪಿ ಜಾರಿಗೆ ತಂದಿತು. ಯೂರೋಪಿನಲ್ಲಿ ನೀಲಿಯೇ ಸುಲಭದ ಬಣ್ಣ, ಕೆಂಪು ಮಧ್ಯಮ, ಕಪ್ಪು ಕಠಿನ. ಫ್ರಾನ್ಸ್ ಮೊದಲಾದೆಡೆ ನೀಲಿಗೂ ಸುಲಭವಾದ ಹಸಿರು ಉಂಟು. ಒಂದೇ ನೀಲಿ ಬಣ್ಣ ಅಮೆರಿಕದಲ್ಲಿ ಮಧ್ಯಮರಿಗೆ, ಆಲ್ಪ್ಸ್ ಪರ್ವತಗಳಲ್ಲಿ ಹೊಸಬರಿಗೆ! ಆದುದರಿಂದ ಬಣ್ಣವನ್ನು ನೋಡುವ ಮೊದಲು ನಿಂತಿರುವ ದೇಶವನ್ನು ನೆನೆಯಬೇಕು.

ಬಣ್ಣದ ಹಿಂದಿರುವ ಮುಖ್ಯ ಲೆಕ್ಕ ಇಳಿಜಾರಿನದು. ನೆಲದ ಅಳತೆಯಲ್ಲಿ ನೂರು ಅಡಿ ಮುಂದಕ್ಕೆ ಹೋಗುವಷ್ಟರಲ್ಲಿ ಇಪ್ಪತ್ತೈದು ಅಡಿ ಕೆಳಗಿಳಿದರೆ ಅದು ನೂರಕ್ಕೆ 25ರ ಇಳಿಜಾರು. ಕೋನದ ಲೆಕ್ಕದಲ್ಲಿ ಸುಮಾರು 14 ಡಿಗ್ರಿ. ನೂರಕ್ಕೆ 40 ಎಂದರೆ ಸುಮಾರು 22 ಡಿಗ್ರಿ. ಸಾಮಾನ್ಯವಾಗಿ 25ರ ಒಳಗಿನದನ್ನು ಸುಲಭವೆಂದೂ, 25ರಿಂದ 40ರವರೆಗಿನದನ್ನು ಮಧ್ಯಮವೆಂದೂ, ಅದರಾಚೆಯದನ್ನು ಕಠಿನವೆಂದೂ ಎಣಿಸುವುದು ವಾಡಿಕೆ. ಈ ಅಂಕಿಗಳನ್ನು ಕಡಮೆಯೆಂದು ಭಾವಿಸಬಾರದು. ನಮ್ಮ ಬಸ್ಸುಗಳು ಏದುಸಿರು ಬಿಡುತ್ತ ಹತ್ತುವ ಘಟ್ಟದ ರಸ್ತೆಗಳು ಸಾಮಾನ್ಯವಾಗಿ ನೂರಕ್ಕೆ 10ರ ಆಸುಪಾಸಿನವು. ಅದರ ಎರಡೂವರೆಯಷ್ಟು ಇಳಿಜಾರಿನಲ್ಲಿ, ಕಾಲಿಗೆ ಎರಡು ನುಣ್ಣನೆಯ ಪಟ್ಟಿಗಳನ್ನು ಕಟ್ಟಿಕೊಂಡು ನಿಂತಿರುವಂತೆ ಭಾವಿಸಿಕೊಳ್ಳಿ!

ಇಲ್ಲಿಯೇ ಒಂದು ಎಚ್ಚರಿಕೆ. ಈ ಬಣ್ಣಗಳನ್ನು ಕೊಡುವವರು ಆಯಾ ತಾಣದವರೇ. ತಮ್ಮ ಬೆಟ್ಟದ ಇತರ ಜಾಡುಗಳೊಡನೆ ಹೋಲಿಸಿ ಕೊಡುತ್ತಾರೆ. ಒಂದು ಶಾಲೆಯ ಪ್ರಥಮ ದರ್ಜೆ ಇನ್ನೊಂದು ಶಾಲೆಯಲ್ಲಿ ದ್ವಿತೀಯ ದರ್ಜೆಯಾಗುವುದನ್ನು ಮೇಷ್ಟರಾದ ನಾವು ಕಂಡಿಲ್ಲವೆ? ಹಾಗೆಯೇ ಒಂದು ತಾಣದ ಹಸಿರು ಮತ್ತೊಂದರ ನೀಲಿಯಷ್ಟು ಕಡಿದಾಗಿರಬಹುದು. ಹೊಸ ತಾಣಕ್ಕೆ ಹೋದಾಗ, ನೀವು ಎಷ್ಟೇ ಬಲ್ಲವರಾಗಿರಿ, ನಿಮ್ಮ ದರ್ಜೆಗಿಂತ ಒಂದು ದರ್ಜೆ ಕೆಳಗಿನ ಜಾಡಿನಲ್ಲಿ ಮೊದಲ ಇಳಿತವನ್ನು ಇಳಿದು ಆ ಬೆಟ್ಟದ ಅಳತೆಗೋಲನ್ನು ತಿಳಿದುಕೊಳ್ಳುವುದು ಲೇಸು.

ಬಣ್ಣವು ಹೇಳದ ಸಂಗತಿಗಳೂ ಹಲವುಂಟು. ಒಂದನೆಯದು, ಜಾಡಿನ ಅತಿ ಕಡಿದಾದ ತುಣುಕು. ಮುಕ್ಕಾಲು ಹಾದಿ ಹಾಸಿಗೆಯಂತಿದ್ದು ನಡುವೆ ಐವತ್ತು ಗಜ ಗೋಡೆಯಂತಿದ್ದರೆ, ಆ ಐವತ್ತು ಗಜವೇ ನಿಮ್ಮ ಜಾಡು, ಉಳಿದುದಲ್ಲ. ಎರಡನೆಯದು, ಅಗಲ. ಬೆಟ್ಟದ ಪಕ್ಕದಲ್ಲಿ ಸುತ್ತಿ ಬರುವ ಕಿರಿದಾದ ಹಾದಿಗಳ ಇಳಿಜಾರು ಕಡಮೆಯೇ. ಆದರೆ ವೇಗ ತಗ್ಗಿಸಲು ಹೊಸಬನಿಗೆ ಅತ್ತಿತ್ತ ತಿರುಗುವ ಜಾಗ ಬೇಕು. ಅದು ಇಲ್ಲದಾಗ ಸುಲಭದ ಹಾದಿಯೇ ಭಯಂಕರವಾಗುತ್ತದೆ. ಮೂರನೆಯದು, ಹಿಮದ ಸ್ಥಿತಿ. ಯಂತ್ರದಿಂದ ಒತ್ತಿ ಸಮಮಾಡಿದ ಹಿಮ ಬೇರೆ, ಬಿದ್ದಂತೆಯೇ ಮೊಣಕಾಲುದ್ದ ಕುಳಿತಿರುವ ಹಿಮ ಬೇರೆ. ರಾತ್ರಿ ಹೆಪ್ಪುಗಟ್ಟಿದುದು ಬೆಳಗ್ಗೆ ಗಾಜಿನಂತೆ ಗಡುಸು. ಬಿಸಿಲೇರಿದಾಗ ಮೆತ್ತಗಾಗಿ ಹಿತ. ಸಂಜೆಗೆ ನೂರಾರು ಜನ ಉತ್ತ ಗದ್ದೆಯಂತೆ ಗುಡ್ಡೆ ಗುಂಡಿ. ಒಂದೇ ಜಾಡು ಒಂದೇ ದಿನದಲ್ಲಿ ಮೂರು ಬಾರಿ ದರ್ಜೆ ಬದಲಿಸುತ್ತದೆ. ನಾಲ್ಕನೆಯದು, ಬೆಳಕು. ಮೋಡ ಕವಿದಾಗ ಬಿಳಿಯ ನೆಲವೂ ಬಿಳಿಯ ಆಕಾಶವೂ ಒಂದಾಗಿ ಉಬ್ಬು ತಗ್ಗುಗಳು ಕಣ್ಣಿಗೆ ಬೀಳುವುದೇ ಇಲ್ಲ. ಅಂತಹ ದಿನ ಬಲ್ಲವರೂ ಕೆಳಗಿನ ಜಾಡಿಗೆ ಇಳಿದುಬರುತ್ತಾರೆ.

ಇನ್ನು ನಿಮ್ಮನ್ನು ನೀವು ಅಳೆದುಕೊಳ್ಳುವ ಬಗೆ. ಹೊಸಬನು ಮೊದಲು ಕಲಿಯುವುದು ಸ್ನೋಪ್ಲೌ ಎಂಬ ಭಂಗಿಯನ್ನು. ಸ್ಕೀಗಳ ಮುಂದಲೆಗಳನ್ನು ಹತ್ತಿರ ತಂದು ಹಿಂದಲೆಗಳನ್ನು ಅಗಲಿಸಿ, ಗುಡಿಸಲಿನ ಮಾಡಿನ ಆಕಾರದಲ್ಲಿ ಒಳಅಂಚುಗಳಿಂದ ಹಿಮವನ್ನು ಒತ್ತುವುದು. ಇದೇ ಅವನ ಬ್ರೇಕು. ಮೊದಲೆರಡು ದಿನಗಳಿಗೆ ಅವನಿಗೆ ತಕ್ಕುದೆಂದರೆ, ಕೊನೆಯಲ್ಲಿ ತಾನಾಗಿಯೇ ಸಮತಟ್ಟಾಗುವ ಅಗಲವಾದ ಇಳಿಜಾರು. ಬ್ರೇಕು ತಪ್ಪಿದರೂ ನೆಲವೇ ಅವನನ್ನು ನಿಲ್ಲಿಸುತ್ತದೆ. ಅಲ್ಲಿಂದ ಮೇಲೇರುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಅಂದುಕೊಂಡ ಕಡೆ ನಿಲ್ಲಬಲ್ಲೆನೆ? ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಬಲ್ಲೆನೆ? ಬಿದ್ದರೆ ಒಬ್ಬನೇ ಏಳಬಲ್ಲೆನೆ? ಇವನ್ನೆಲ್ಲ ಹತ್ತು ಸಲದಲ್ಲಿ ಹತ್ತು ಸಲವೂ ಮಾಡಬಲ್ಲೆನೆ? ಆರು ಸಲ ಎನ್ನುವವನು ಇನ್ನೊಂದು ದಿನ ಅಲ್ಲಿಯೇ ಇರತಕ್ಕದ್ದು.

ಮಧ್ಯಮನ ಸಂಕಟ ಬೇರೆ. ಅವನಿಗೆ ಭಯ ಹೋಗಿದೆ, ಬಲ ಇನ್ನೂ ಬಂದಿಲ್ಲ. ಸುಲಭದ ಜಾಡಿನಲ್ಲಿ ಎರಡು ಸ್ಕೀಗಳನ್ನೂ ಜೊತೆಯಾಗಿಟ್ಟುಕೊಂಡು ಸೊಗಸಾಗಿ ತಿರುಗುವವನು ಕಡಿದಾದೆಡೆ ಬಂದೊಡನೆ ಮತ್ತೆ ಗುಡಿಸಲಿನ ಭಂಗಿಗೆ ಮರಳುತ್ತಾನೆ. ಇಳಿಜಾರು ಹೆಚ್ಚಿದಷ್ಟೂ ಆ ಭಂಗಿ ಕಾಲನ್ನು ದಣಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಆದುದರಿಂದ ಮಧ್ಯಮನು ತಕ್ಕಷ್ಟು ಅಗಲವಾದ, ಒತ್ತಿ ಸಮಮಾಡಿದ ಜಾಡನ್ನೇ ಆರಿಸಿಕೊಳ್ಳಬೇಕು. ಕಡಿದಾದ ತುಣುಕು ಚಿಕ್ಕದಾಗಿದ್ದು ಅದರ ಕೆಳಗೆ ಉಸಿರಾಡಲು ಬಯಲಿರಬೇಕು. ಬೆಟ್ಟಕ್ಕೆ ಅಡ್ಡಲಾಗಿ ನಿಂತು ಅಂಚನ್ನು ಸಡಿಲಿಸಿ ಪಕ್ಕಕ್ಕೆ ಮೆಲ್ಲನೆ ಜಾರುವ ವಿದ್ಯೆಯನ್ನು ಅವನು ಕಲಿತಿರಲೇಬೇಕು. ಸಿಕ್ಕಿಬಿದ್ದಾಗ ಇಳಿದು ಬರುವ ಏಣಿ ಅದು. ಒಂದು ಜಾಡನ್ನು ನಡುವೆ ನಿಲ್ಲದೆ, ವೇಗ ಕೈತಪ್ಪದೆ ಮೂರು ಸಲ ಇಳಿದ ಮೇಲೆ ಮುಂದಿನ ಬಣ್ಣದ ಮಾತು.

ಇದನ್ನೆಲ್ಲ ನಮ್ಮ ದೇಶದ ಒಂದು ತಾಣಕ್ಕೆ ಹೊಂದಿಸಿ ನೋಡೋಣ. ಗುಲ್ಮಾರ್ಗದಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿಗಳು 1927ರಲ್ಲಿಯೇ ಸ್ಕೀ ಕ್ಲಬ್ಬನ್ನು ಕಟ್ಟಿದ್ದರು. ಬೆಟ್ಟವು ಅಲ್ಲಿ ತಾನಾಗಿಯೇ ಮೂರು ಮೆಟ್ಟಲುಗಳಾಗಿ ನಿಂತಿದೆ. ಸುಮಾರು 2,650 ಮೀಟರು ಎತ್ತರದ ಬಟ್ಟಲಿನಂತಹ ಹುಲ್ಲುಗಾವಲು ಮೊದಲನೆಯದು, ಹೊಸಬರ ಪಾಠಶಾಲೆ. 1998ರಲ್ಲಿ ಆರಂಭವಾದ ಗೊಂಡೊಲಾದ ಮೊದಲ ಹಂತವು ಅಲ್ಲಿಂದ ಸುಮಾರು 3,050 ಮೀಟರಿನ ಕೊಂಗ್‌ಡೂರಿಗೆ ಒಯ್ಯುತ್ತದೆ. ಅಲ್ಲಿಂದ ಮರಗಳ ನಡುವೆ ಕೆಳಗಿಳಿಯುವುದು ಮಧ್ಯಮಾಧಿಕಾರಿಗಳಿಗೆ ಸೇರಿದುದು. 2005ರಲ್ಲಿ ತೆರೆದ ಎರಡನೆಯ ಹಂತವು ಅಫರ್ವತ್ ಬೆಟ್ಟದ ಮೇಲೆ, ಸುಮಾರು 3,950 ಮೀಟರಿಗೆ ಮುಟ್ಟಿಸುತ್ತದೆ. ಅಲ್ಲಿ ಉಸಿರು ತೆಳುವಾಗುತ್ತದೆ, ಹಿಮ ಬಿದ್ದಂತೆಯೇ ಇರುತ್ತದೆ, ಹಿಮಕುಸಿತದ ಭಯವೂ ಉಂಟು. 2023ರ ಫೆಬ್ರವರಿ 1ರಂದು ಅಫರ್ವತ್ತಿನಲ್ಲಿ ಪೋಲೆಂಡಿನ ಇಬ್ಬರೂ, 2024ರ ಫೆಬ್ರವರಿ 22ರಂದು ಅದೇ ಬೆಟ್ಟದ ಮೈಯಲ್ಲಿ ರಷ್ಯದ ಒಬ್ಬರೂ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಗೊಂಡೊಲಾದ ಟಿಕೇಟು ಎಲ್ಲರಿಗೂ ದೊರೆಯುತ್ತದೆ. ಟಿಕೇಟು ದೊರೆತವರಿಗೆಲ್ಲ ಅಲ್ಲಿಂದ ಸ್ಕೀ ಕಟ್ಟಿ ಇಳಿಯುವ ಅಧಿಕಾರ ದೊರೆತಂತಲ್ಲ.

ಹಳೆಯ ವಿದ್ಯಾರ್ಥಿಯ ಪ್ರಸಂಗ ನಡೆದು ಎರಡು ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ನನ್ನನ್ನೂ ಅವಳ ತಾಯಿಯನ್ನೂ ಗುಲ್ಮಾರ್ಗಕ್ಕೆ ಕರೆದೊಯ್ದಳು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮೊದಲ ಪಾಠದ ವಿದ್ಯಾರ್ಥಿಯಾದೆ. ಐದಾರು ವರ್ಷದ ಕಾಶ್ಮೀರಿ ಮಕ್ಕಳು ನನ್ನನ್ನು ಬಳಸಿಕೊಂಡು ಬಾಣದಂತೆ ಹೋಗುತ್ತಿದ್ದವು; ನಾನು ಹಿಮದಲ್ಲಿ ಕುಳಿತು ನೋಡುತ್ತಿದ್ದೆ. ಮೂರನೆಯ ದಿನ ನಾಲ್ಕೈದು ತಿರುವುಗಳು ಕೈಗೂಡಿದವು. ಕಲಿಸುತ್ತಿದ್ದ ತರುಣನು, "ಮೇಲೆ ಹೋಗೋಣವೆ?" ಎಂದ. ಮನಸ್ಸು ಉಬ್ಬಿತು. ಸ್ಕೀಗಳನ್ನು ಹೊತ್ತುಕೊಂಡೇ ಮಗಳೊಡನೆ ಕೊಂಗ್‌ಡೂರಿಗೆ ಹೋದೆ.

ಮೇಲಿನಿಂದ ನೋಡಿದ ಇಳಿಜಾರು ಕೆಳಗಿನಿಂದ ನೋಡಿದ ಇಳಿಜಾರಲ್ಲ. ಮೊದಲ ತಿರುವಿನಾಚೆ ಏನಿದೆಯೆಂಬುದೇ ಕಾಣುತ್ತಿರಲಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡೆ. ಎರಡಕ್ಕೆ ಮಾತ್ರ ಉತ್ತರ ಹೊಳೆಯಿತು. ಹಿಂದೆ ನಿಂತವರು ಕಾಯುತ್ತಿದ್ದರು. ಏನೆಂದುಕೊಂಡಾರೋ ಎಂಬ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು. ಆಗ ಕಣ್ಣ ಮುಂದೆ ಸುಳಿದುದು ಆ ಹುಡುಗನ ಊರುಗೋಲು. "ಅಮ್ಮಾ, ನೀನು ಹೋಗು. ನಾನು ಪೆಟ್ಟಿಗೆಯಲ್ಲಿಯೇ ಇಳಿದು ಬರುತ್ತೇನೆ" ಎಂದೆ. ಅವಳು ಒಂದು ಗಳಿಗೆ ನನ್ನನ್ನು ನೋಡಿ, "ಸರಿ ಅಪ್ಪಾ, ಇಬ್ಬರೂ ಪೆಟ್ಟಿಗೆಯಲ್ಲಿಯೇ ಹೋಗೋಣ" ಎಂದಳು. ಅವಳಿಗೂ ಕಾಲು ನಡುಗುತ್ತಿತ್ತೆಂದು ರಾತ್ರಿ ಊಟದ ಹೊತ್ತಿಗೆ ಒಪ್ಪಿಕೊಂಡಳು. ನಾನು ಹೇಳದಿದ್ದರೆ ಅವಳು ನನ್ನ ಸಲುವಾಗಿ, ಅವಳು ಹೇಳದಿದ್ದರೆ ನಾನು ಅವಳ ಸಲುವಾಗಿ ಇಳಿಯುತ್ತಿದ್ದೆವು!

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಡವಳಿಕೆಯ ನಿಯಮಗಳಲ್ಲಿ ಒಂದು ಹೀಗಿದೆ: ವೇಗವೂ ಇಳಿಯುವ ರೀತಿಯೂ ತನ್ನ ಶಕ್ತಿಗೂ ನೆಲ, ಹಿಮ, ಹವೆಗಳಿಗೂ ಹೊಂದಿರಬೇಕು. ಇನ್ನೊಂದು: ಹಿಂದಿನಿಂದ ಬರುವವನು ಮುಂದಿನವನಿಗೆ ಅಪಾಯವಾಗದಂತೆ ತನ್ನ ದಾರಿಯನ್ನು ಆರಿಸಿಕೊಳ್ಳಬೇಕು. ಎರಡನ್ನೂ ಸೇರಿಸಿ ಓದಿದರೆ, ತಕ್ಕ ಜಾಡನ್ನು ಆರಿಸುವುದು ನಮ್ಮ ಮೊಣಕಾಲಿಗಾಗಿ ಮಾತ್ರವಲ್ಲ, ಕೆಳಗೆ ಕಲಿಯುತ್ತಿರುವ ಮತ್ತೊಬ್ಬರ ಮಗುವಿಗಾಗಿಯೂ ಎಂಬುದು ತಿಳಿಯುತ್ತದೆ. ನಿಲ್ಲಲಾರದವನು ತಾನು ಬೀಳುವುದಷ್ಟೇ ಅಲ್ಲ, ಇನ್ನೊಬ್ಬರನ್ನೂ ಬೀಳಿಸುತ್ತಾನೆ.

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಿಮದ ಹಾಸಿಗೆ ಎಷ್ಟು ದೊಡ್ಡದಾದರೂ ಕಾಲು ನಮ್ಮದೇ. ಈ ಚಳಿಗಾಲದಲ್ಲಿ ನಿಮ್ಮ ಮನೆಯ ಮಕ್ಕಳು ಹಿಮದ ನಾಡಿಗೆ ಹೊರಟರೆ ಬೆಚ್ಚನೆಯ ಟೋಪಿ, ಕೈಗವಸುಗಳ ಜೊತೆಗೆ ಈ ಒಂದು ಮಾತನ್ನೂ ಕಟ್ಟಿ ಕಳುಹಿಸಿರಿ: ಮೇಲೆ ಹೋದ ಮೇಲೆ ಮನಸ್ಸು ಒಪ್ಪದಿದ್ದರೆ, ಪೆಟ್ಟಿಗೆಯಲ್ಲಿ ಕುಳಿತು ಇಳಿದು ಬಂದರೂ ಊರಿಗೆ ನಡೆದುಕೊಂಡೇ ಬರಬಹುದು.