ಮನೆಬಾಗಿಲಿಗೆ ಬಂದ ಬಂಡವಾಳ

ಸೋದರಿಯರೇ, 'ಮಾನವ ಸಂಪನ್ಮೂಲ' ಎಂಬುದು ದೊಡ್ಡ ಕಂಪೆನಿಗಳ ಮಾತು, ಗೃಹಿಣಿಯರಾದ ನಮಗೇಕೆ ಎಂದು ಪುಟ ತಿರುವಬೇಡಿ. ಕೆಲಸಕ್ಕೆ ತಕ್ಕವರನ್ನು ಆರಿಸುವುದು, ಅವರಿಗೆ ಕಲಿಸುವುದು, ಉಳಿಸಿಕೊಳ್ಳುವುದು, ಇಷ್ಟೇ ಅದರ ಅರ್ಥ. ಇದರ ಬೆಲೆ ತಿಳಿಯಲು ನಮ್ಮ ಉಡುಪಿಯ ಪಿಗ್ಮಿಯನ್ನು ನೋಡಿದರೆ ಸಾಕು.

1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಉಡುಪಿಯಲ್ಲಿ ಬ್ಯಾಂಕು ಕಟ್ಟಿದರು. ಬಂಡವಾಳ ಬರೇ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲವದು. ದಿನಗೂಲಿಯವರು ಬ್ಯಾಂಕಿನ ಮೆಟ್ಟಿಲು ಹತ್ತಿಯಾರೇ? ಹಾಗಾಗಿ 1928ರಲ್ಲಿ ಬ್ಯಾಂಕೇ ಅವರ ಬಾಗಿಲಿಗೆ ಬಂತು. ಪಿಗ್ಮಿ ಏಜೆಂಟರು ದಿನಾ ಮನೆ, ಅಂಗಡಿ ಸುತ್ತಿ ಎರಡಾಣೆಯನ್ನೂ ಬಿಡದೆ ಸಂಗ್ರಹಿಸಿದರು.

ಸ್ವಲ್ಪ ಯೋಚಿಸಿ. ರಸೀದಿ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದರೆ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚುವುದು ರಸೀದಿ ನೋಡಿ ಅಲ್ಲ, ಮುಖ ನೋಡಿ! ಕಾಪುವಿನಲ್ಲಿ ಮೀನು ಮಾರುವಾಕೆಯ ಕೈಯಲ್ಲಿ ಯಾವ ಹೊತ್ತಿಗೆ ಕಾಸಿರುತ್ತದೆ, ಕಾರ್ಕಳದಲ್ಲಿ ಬೀಡಿ ಕಟ್ಟುವಾಕೆಗೆ ಮಜೂರಿ ಯಾವತ್ತು ಸಿಗುತ್ತದೆ ಎಂಬುದು ದಿನಾ ಓಡಾಡುವವರಿಗೆ ಮಾತ್ರ ಗೊತ್ತು. ಆ ತಿಳುವಳಿಕೆಯೇ ಬ್ಯಾಂಕಿನ ನಿಜವಾದ ಬಂಡವಾಳ.

ಇಷ್ಟಿದ್ದರೂ ಅವರು ಕಮಿಷನ್ ಮೇಲೆ ದುಡಿಯುವವರು, ನೌಕರರಲ್ಲ ಎಂದೇ ಬ್ಯಾಂಕುಗಳು ವಾದಿಸಿದವು. ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು, ಇವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂದಿತು. ಯೋಜನೆ ಹುಟ್ಟಿ 73 ವರ್ಷಗಳ ಮೇಲೆ!

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಣಿಪಾಲದ ಪ್ರಧಾನ ಕಚೇರಿಯಲ್ಲೂ ಹೆಸರಿನ ಫಲಕ ಬದಲಾಯಿತು. ಈಗಂತೂ ಮೊಬೈಲಿನಲ್ಲೇ ಹಣ ಕಟ್ಟಬಹುದು. ಯಂತ್ರ ಬರಲಿ, ಬೇಡವೆನ್ನುವವರು ಯಾರು? ಆದರೆ ಮಿಕ್ಸಿ ತಂದ ಮಾತ್ರಕ್ಕೆ ಹುಳಿಯ ಹದ ತಾನಾಗಿ ಬರುತ್ತದೆಯೇ? ಹದ ಗೊತ್ತಿದ್ದವರಿಗೇ ಮಿಕ್ಸಿ ಉಪಯೋಗಿಸಲು ಕಲಿಸಬೇಕು. ಹಳಬರನ್ನು ಮೂಲೆಗೆ ತಳ್ಳಿ ಯಂತ್ರ ತಂದರೆ ಅವರ ಜೊತೆ ಗಿರಾಕಿಯ ನಂಬಿಕೆಯೂ ಹೊರಟುಹೋಗುತ್ತದೆ.

ನಿಮ್ಮಲ್ಲೂ ಹಪ್ಪಳ ಮಾಡಿಸುವವರು, ಹೊಲಿಗೆ ಅಂಗಡಿ ಇಟ್ಟವರು, ಊಟ ಕಳಿಸಿಕೊಡುವವರು ಇದ್ದೀರಿ. ಈ ಮೂರು ಮಾತು ನೆನಪಿಡಿ:

• ಕೆಲಸಕ್ಕೆ ಸೇರಿಸುವಾಗ ಓದು ಮಾತ್ರ ನೋಡಬೇಡಿ. ಊರು, ಜನ ಬಲ್ಲವರೇ ಎಂದೂ ನೋಡಿ.

• ಹೊಸ ಯಂತ್ರ ತಂದರೆ ಇದ್ದವರಿಗೇ ಮೊದಲು ಕಲಿಸಿ. ನಾಲ್ಕು ದಿನ ಕೆಲಸ ನಿಧಾನವಾದರೂ ಚಿಂತೆಯಿಲ್ಲ.

• ಕೊಡಬೇಕಾದ್ದನ್ನು ಹೇಳಿದ ದಿನವೇ ಕೊಡಿ. ಕೇಳಿದ ಮೇಲೆ ಕೊಡೋಣ ಅನ್ನಬೇಡಿ.

ಬೋರ್ಡು ಬದಲಿಸಲು ಒಂದು ದಿನ ಸಾಕು. ನಂಬಿಕಸ್ಥ ಕೆಲಸದವರು ತಯಾರಾಗಲು ವರ್ಷಗಳೇ ಬೇಕು. ಏನಂತೀರಿ?