ಹನ್ನೆರಡು ಕಿಲೋ ಮಗುವಿಗೆ ಏಳು ಬಾಟಲಿ

ಮಂಗಳೂರಿನ ಕೂಳೂರಿನಲ್ಲಿ ಜಡಿಮಳೆ, ಎರಡು ವರ್ಷದ, 12 ಕಿಲೋ ತೂಕದ ಮಗುವಿಗೆ ಕೆಮ್ಮು, ಜ್ವರ ಎಂದಿಟ್ಟುಕೊಳ್ಳಿ. ಆ್ಯಂಟಿಬಯೊಟಿಕ್ ಬೇಕೋ ಬೇಡವೋ ಎಂದು ವೈದ್ಯರು ಮೊದಲು ಗಡಿಯಾರ ನೋಡಿ ತೀರ್ಮಾನಿಸುತ್ತಾರೆ. ಮಗು ಅಳದೆ ಇರುವಾಗ ಪೂರಾ ಒಂದು ನಿಮಿಷ ಉಸಿರು ಎಣಿಸಬೇಕು. 2 ತಿಂಗಳು ದಾಟಿದ, ವರ್ಷ ತುಂಬದ ಕೂಸಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ. ಅಷ್ಟಿಲ್ಲದೆ, ಪಕ್ಕೆಯೂ ಸೆಳೆಯದಿದ್ದರೆ ಬಹುಪಾಲು ಅದು ವೈರಸ್ ಶೀತ; ಅದಕ್ಕೆ ಆ್ಯಂಟಿಬಯೊಟಿಕ್ ಬೇಡ.

ನ್ಯುಮೋನಿಯಾ ಎಂದಾದರೆ ಮೊದಲ ಆಯ್ಕೆ ಹಳೆಯ, ಅಗ್ಗದ ಅಮಾಕ್ಸಿಸಿಲಿನ್. ಪಕ್ಕೆ ಸೆಳೆಯುತ್ತಿದ್ದರೂ ಬೇರೆ ಅಪಾಯದ ಲಕ್ಷಣ ಇಲ್ಲದಿದ್ದರೆ ಬಾಯಿಯ ಔಷಧವೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿತು. ಭಾರತವೂ ಸೇರಿ 8 ದೇಶಗಳ 1,702 ಮಕ್ಕಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ದಿನಕ್ಕೆ ಗುಣ ಕಾಣದವರು ಬಾಯಿಯ ಔಷಧದಲ್ಲೂ ಪೆನಿಸಿಲಿನ್ ಇಂಜೆಕ್ಷನ್‌ನಲ್ಲೂ ಶೇ 19ರಷ್ಟೇ.

ನನ್ನನ್ನು ಕಾಡುವುದು ಪ್ರಮಾಣದ ಲೆಕ್ಕ. ಕಿಲೋಗೆ 40 ಮಿಲಿಗ್ರಾಂನಂತೆ ಒಂದು ಹೊತ್ತಿಗೆ 480, ಅಂದರೆ ಸುಮಾರು 500 ಮಿಲಿಗ್ರಾಂ. ದಿನಕ್ಕೆರಡು ಹೊತ್ತು, ಐದು ದಿನ: ಒಟ್ಟು 5 ಗ್ರಾಂ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಡ್ರೈ ಸಿರಪ್‌ನ 30 ಎಂಎಲ್ ಬಾಟಲಿಯಲ್ಲಿ ಇರುವುದು 750 ಮಿಲಿಗ್ರಾಂ ಮಾತ್ರ. ಮೊದಲ ದಿನದ ರಾತ್ರಿಯ ಹೊತ್ತಿಗೇ ಅರ್ಧ ಸಾಲದು. ಏಳು ಬಾಟಲಿ ಬೇಕು. ಮೆಡಿಕಲ್‌ನಿಂದ ಒಂದೇ ಬಾಟಲಿ ತಂದು ‘ಚಮಚ ಚಮಚ’ ಕೊಟ್ಟರೆ ಮಗುವಿಗೆ ಔಷಧ ಸಿಕ್ಕಂತೆಯೇ ಅಲ್ಲ. ನೀರಿನಲ್ಲಿ ಕರಗುವ 250 ಮಿಲಿಗ್ರಾಂ ಮಾತ್ರೆಯಾದರೆ 20 ಸಾಕು. ಹೊತ್ತಿಗೆ ಎರಡು, ಎಣಿಸಲೂ ಸುಲಭ. ಇಂಥ ಮಾತ್ರೆಗಳ ಪೂರ್ಣ ಚಿಕಿತ್ಸೆಗೆ ಯುನಿಸೆಫ್ ಹಾಕುವ ವೆಚ್ಚ ಸುಮಾರು ಅರ್ಧ ಡಾಲರ್.

ಮಗು ಏನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 90ಕ್ಕಿಂತ ಇಳಿದರೆ ಈ ಲೆಕ್ಕವೇ ಬೇರೆ. ಮಳೆಗೆ ನೀರು ನಿಲ್ಲುವ ಕೊಟ್ಟಾರ ಚೌಕಿ ದಾಟಿ, ಏಳೆಂಟು ಕಿಲೋಮೀಟರ್ ದೂರದ ವೆನ್‌ಲಾಕ್ ಆಸ್ಪತ್ರೆಗೋ ಹತ್ತಿರದ ದೊಡ್ಡಾಸ್ಪತ್ರೆಗೋ ಹೊರಡಬೇಕು. ಎರಡು ತಿಂಗಳು ತುಂಬದ ಕೂಸಿಗೆ ಉಸಿರು 60 ಮುಟ್ಟಿದರೂ ಹೀಗೆಯೇ. ಅಲ್ಲಿ ಇದೇ 12 ಕಿಲೋ ಮಗುವಿಗೆ ಆ್ಯಂಪಿಸಿಲಿನ್ 600 ಮಿಲಿಗ್ರಾಂ ಆರು ಗಂಟೆಗೊಮ್ಮೆ, ಜೆಂಟಾಮೈಸಿನ್ 90 ಮಿಲಿಗ್ರಾಂ ದಿನಕ್ಕೊಮ್ಮೆ: ಐದು ದಿನಕ್ಕೆ 25 ಡೋಸ್, ಜೊತೆಗೆ ಆಕ್ಸಿಜನ್. ಇವು ಹಿಡಿಯದಿದ್ದಾಗ ಸೆಫ್ಟ್ರಿಯಾಕ್ಸೋನ್. ಅದನ್ನೇ ಮೊದಲ ದಿನ ಚುಚ್ಚಿಸಿಕೊಂಡರೆ ಬೇಗ ಗುಣವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.